ದೊಡ್ಡ ಕುಂಬಳಕ್ಕೆ ಯಾವ ಬೀಜ? ಕರಾವಳಿಯ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಏಣೆಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದು ಗದ್ದೆಯ ನೀರು ಇಳಿಯುವ ಹೊತ್ತಿಗೆ ಉಡುಪಿ, ಮಂಗಳೂರಿನ ಕಡೆ ತರಕಾರಿ ಬೀಜದ ಮಾತು ಏಳುತ್ತದೆ. ಉಡುಪಿ ಕೃಷ್ಣಮಠದ ಪರ್ಯಾಯಕ್ಕೆ ಭಕ್ತರು ಒಪ್ಪಿಸುವ ದವಸ ತರಕಾರಿಯ ಹೊರೆಕಾಣಿಕೆಗೆ ಭಾರಿ ಕುಂಬಳ ಒಂದನ್ನು ಕೊಡಬೇಕು, ಊರಿನ ಬ್ರಹ್ಮಕಲಶಕ್ಕೆ ನಮ್ಮ ಮನೆಯಿಂದಲೂ ಹೋಗಬೇಕು, ಕದ್ರಿ ಉದ್ಯಾನದ ಫಲಪುಷ್ಪ ಪ್ರದರ್ಶನದಲ್ಲಿ ಇಡುವಂಥದ್ದನ್ನು ಬೆಳೆಯಬೇಕು ಎಂಬ ಆಸೆಯುಳ್ಳವರು ಮೊದಲು ಕೇಳುವುದೇ ಬೀಜವನ್ನು. ಅದು ಸರಿಯಾದ ಕ್ರಮ. ಗೊಬ್ಬರ, ನೀರು, ಆರೈಕೆ ಎಲ್ಲವೂ ಬೇಕು. ಆದರೆ ಬೀಜದಲ್ಲಿ ಇಲ್ಲದ ಗಾತ್ರವನ್ನು ಗೊಬ್ಬರ ತಂದುಕೊಡಲಾರದು. ಇಲ್ಲಿ ಕುಂಬಳ ಎಂದಿರುವುದೆಲ್ಲ ಸಿಹಿಗುಂಬಳ, ನಮ್ಮಲ್ಲಿ ಹಲವರು ಚೀನಿಕಾಯಿ ಎನ್ನುವ ಕಾಯಿ. ಬೂದುಗುಂಬಳದ ವಿಚಾರ ಬಂದಲ್ಲಿ ಹೆಸರಿಟ್ಟೇ ಹೇಳಿದ್ದೇನೆ.

ಸಾವಿರ ಕಿಲೋ ತೂಗುವ ಕುಂಬಳಗಳ ಚಿತ್ರ ಮೊಬೈಲ್‌ಗೆ ಬರುತ್ತದೆ. ಅವು ಯಾವ ಬೀಜದವು?

ಹೆಚ್ಚುಕಡಿಮೆ ಎಲ್ಲವೂ ಅಟ್ಲಾಂಟಿಕ್ ಜೈಂಟ್ ಎಂಬ ತಳಿಯ ವಂಶದವು. ಸಸ್ಯಶಾಸ್ತ್ರಜ್ಞರು ಅದನ್ನು ಕುಕುರ್ಬಿಟ ಮ್ಯಾಕ್ಸಿಮಾ ಎಂಬ ಜಾತಿಗೆ ಸೇರಿಸುತ್ತಾರೆ. ತಳಿಯನ್ನು ರೂಪಿಸಿದವರು ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ವಿಂಡ್ಸರ್ ಎಂಬ ಊರಿನ ರೈತ ಹೊವಾರ್ಡ್ ಡಿಲ್. 1979ರಿಂದ 1982ರವರೆಗೆ ಸತತ ನಾಲ್ಕು ವರ್ಷ ಅವರ ಕುಂಬಳಗಳೇ ಜಾಗತಿಕ ಸ್ಪರ್ಧೆಯಲ್ಲಿ ಮೊದಲ ಸ್ಥಾನದಲ್ಲಿದ್ದವು. ಅದಕ್ಕೂ ಹಿಂದೆ ಕೆನಡಾದವರೇ ಆದ ವಿಲಿಯಂ ವಾರ್ನಾಕ್ 1900ರ ಪ್ಯಾರಿಸ್ ಪ್ರದರ್ಶನಕ್ಕೆ 400 ಪೌಂಡಿನ, ಅಂದರೆ ಸುಮಾರು 181 ಕಿಲೋ ತೂಕದ ಕಾಯಿಯನ್ನು ಒಯ್ದಿದ್ದರು. 1904ರಲ್ಲಿ ಸೇಂಟ್ ಲೂಯಿಸ್ ಪ್ರದರ್ಶನಕ್ಕೆ ಬಂದ ಅವರ 403 ಪೌಂಡಿನ ಕಾಯಿಯ ದಾಖಲೆ 1976ರವರೆಗೂ ಅಲುಗಲಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಆದದ್ದನ್ನು ನೋಡಿ. 2023ರಲ್ಲಿ ಅಮೆರಿಕದ ಮಿನೆಸೋಟಾದ ಟ್ರಾವಿಸ್ ಗೀಂಗರ್ ಬೆಳೆದದ್ದು 1,247 ಕಿಲೋ. 2025ರಲ್ಲಿ ಇಂಗ್ಲೆಂಡಿನ ಅವಳಿ ಸೋದರರಾದ ಇಯಾನ್ ಮತ್ತು ಸ್ಟುವರ್ಟ್ ಪೇಟನ್ ಬೆಳೆದದ್ದು 1,278.8 ಕಿಲೋ. ವಾರ್ನಾಕರ ಕಾಯಿಯ ಏಳು ಪಟ್ಟು! ಪಾಲಿಹೌಸ್, ಮಣ್ಣಿನ ಪರೀಕ್ಷೆ, ಲೆಕ್ಕ ಹಾಕಿ ಕೊಡುವ ಪೋಷಕಾಂಶ ಇವುಗಳ ಪಾಲು ಅದರಲ್ಲಿ ಖಂಡಿತ ಇದೆ. ಆದರೆ ಎಲ್ಲಕ್ಕಿಂತ ಹೆಚ್ಚಿನ ಪಾಲು, ಪ್ರತಿ ವರ್ಷ ತಂದೆ ಯಾರು ತಾಯಿ ಯಾರು ಎಂದು ಬರೆದಿಟ್ಟು ಬೀಜ ಆರಿಸಿದ ಶಿಸ್ತಿನದು. ನಾವು ಅವರಿಂದ ಕಲಿಯಬೇಕಾದದ್ದು ಆ ಶಿಸ್ತನ್ನು.

ಆ ಬೀಜವನ್ನೇ ತಂದು ಇಲ್ಲಿ ಬಿತ್ತಿದರೆ ಅಷ್ಟು ದೊಡ್ಡದಾಗುತ್ತದೆಯೇ?

ಆಗುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹಣ ಕಳೆದುಕೊಳ್ಳುವವರು ಇಲ್ಲಿಯೇ ಕಳೆದುಕೊಳ್ಳುತ್ತಾರೆ.

ಅಟ್ಲಾಂಟಿಕ್ ಜೈಂಟ್ ಉತ್ತರದ ಬೇಸಿಗೆಗೆ ಹೊಂದಿಕೊಂಡ ಗಿಡ. ಅಲ್ಲಿ ಜೂನ್ ತಿಂಗಳಲ್ಲಿ ಹಗಲು 15 ಗಂಟೆಗೂ ಮಿಕ್ಕಿ ಇರುತ್ತದೆ, ರಾತ್ರಿ ತಂಪಾಗಿರುತ್ತದೆ. ಹಗಲಿಡೀ ಎಲೆ ತಯಾರಿಸಿದ ಸಕ್ಕರೆ ತಂಪು ರಾತ್ರಿಯಲ್ಲಿ ಹೆಚ್ಚು ಖರ್ಚಾಗದೆ ಕಾಯಿಗೆ ಇಳಿಯುತ್ತದೆ. ನಮ್ಮಲ್ಲಿ ಮಳೆ ಬಿಟ್ಟ ಮೇಲೆ, ಡಿಸೆಂಬರ್‌ನಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ. ಆ ತಿಂಗಳ ರಾತ್ರಿಯಲ್ಲೂ ಕರಾವಳಿಯ ಉಷ್ಣಾಂಶ 20 ಡಿಗ್ರಿಗಿಂತ ತುಂಬ ಕೆಳಗೆ ಹೋಗುವುದಿಲ್ಲ. ಗಿಡ ಹಗಲು ಗಳಿಸಿದ್ದರಲ್ಲಿ ದೊಡ್ಡ ಭಾಗವನ್ನು ರಾತ್ರಿ ಉಸಿರಾಟದಲ್ಲೇ ಕಳೆಯುತ್ತದೆ. ದೀರ್ಘ ಹಗಲು ಬೇಕೆಂದು ಮಳೆಗಾಲದಲ್ಲಿ ಬೆಳೆಯೋಣ ಎಂದರೆ ಆಗ ಬಿಸಿಲೇ ಇಲ್ಲ, ನೆಲದಲ್ಲಿ ನೀರು ನಿಂತಿರುತ್ತದೆ. ಮಾರ್ಚ್ ದಾಟಿದರೆ ಸೆಕೆಗೆ ಮಿಡಿಗಳು ಹಳದಿಯಾಗಿ ಉದುರುತ್ತವೆ.

ಹಾಗೆಂದು ಆ ಬೀಜದಿಂದ ಕಾಯಿಯೇ ಬಾರದು ಎಂದಲ್ಲ. ಬರಬಹುದು, ಊರವರು ಬಂದು ನೋಡುವಷ್ಟು ದೊಡ್ಡದೂ ಆಗಬಹುದು. ಆದರೆ ಬೀಜದ ಪೊಟ್ಟಣದ ಮೇಲಿರುವ ಚಿತ್ರವನ್ನು ನಂಬಿ ಬಿತ್ತಬೇಡಿ.

ಹಾಗಾದರೆ ನಮ್ಮ ನೆಲಕ್ಕೆ ಒಳ್ಳೆಯದು ಯಾವುದು?

ನನ್ನ ಉತ್ತರ ಸ್ಪಷ್ಟ: ನಿಮ್ಮ ಊರಿನಲ್ಲೇ, ನಿಮ್ಮಂಥದೇ ಮಣ್ಣಿನಲ್ಲಿ ದೊಡ್ಡ ಕಾಯಿ ಕೊಟ್ಟ ನಾಟಿ ಬಳ್ಳಿಯ ಬೀಜ. ನಮ್ಮ ಕಡೆ ತಲೆಮಾರುಗಳಿಂದ ಬೆಳೆದು ಬಂದ ಸಿಹಿಗುಂಬಳ ಹೆಚ್ಚಾಗಿ ಕುಕುರ್ಬಿಟ ಮೊಸ್ಕಾಟ ಎಂಬ ಜಾತಿ. ಸೆಕೆ, ತೇವದ ಗಾಳಿ ಎರಡನ್ನೂ ಅದು ಮ್ಯಾಕ್ಸಿಮಾಗಿಂತ ಚೆನ್ನಾಗಿ ತಡೆಯುತ್ತದೆ. ಐದರಿಂದ ಹತ್ತು ಕಿಲೋದ ಕಾಯಿ ಸಾಮಾನ್ಯ. ಒಳ್ಳೆಯ ಬೀಜ, ಒಳ್ಳೆಯ ಜಾಗ ಎರಡೂ ಕೂಡಿದಾಗ ಒಬ್ಬರೇ ಎತ್ತಲಾಗದ ಕಾಯಿಯೂ ಬರುತ್ತದೆ. ಅದರಿಂದ ಆರಂಭಿಸಿ ವರ್ಷ ವರ್ಷ ಆಯ್ಕೆ ಮಾಡುತ್ತ ಹೋದವರು ಅಟ್ಲಾಂಟಿಕ್ ಜೈಂಟಿನ ಹಿಂದೆ ಓಡಿದವರಿಗಿಂತ ಮುಂದೆ ಇರುತ್ತಾರೆ.

ಕೈಯಲ್ಲಿರುವ ಕಾಯಿ ಮ್ಯಾಕ್ಸಿಮಾವೋ ಮೊಸ್ಕಾಟವೋ ಎಂದು ತಿಳಿಯುವುದು ಹೇಗೆ?

ತೊಟ್ಟು ನೋಡಿ. ಮೊಸ್ಕಾಟದ ತೊಟ್ಟು ಗಟ್ಟಿ, ಐದು ಏಣುಗಳಿರುತ್ತವೆ, ಕಾಯಿಗೆ ಸೇರುವಲ್ಲಿ ಅಗಲವಾಗಿ ಹರಡಿಕೊಂಡಿರುತ್ತದೆ. ಮ್ಯಾಕ್ಸಿಮಾದ ತೊಟ್ಟು ದುಂಡಗೆ, ದಪ್ಪಗೆ, ಉಗುರು ಊರಿದರೆ ಬೆಂಡಿನಂತೆ ಮೆತ್ತಗೆ. ಎಲೆಯಲ್ಲೂ ವ್ಯತ್ಯಾಸವಿದೆ: ಮೊಸ್ಕಾಟದ ಎಲೆಯ ನರಗಳ ಬಳಿ ಬಿಳಿ ಮಚ್ಚೆಗಳು ಸಾಮಾನ್ಯ, ಮ್ಯಾಕ್ಸಿಮಾದ ಎಲೆ ದುಂಡು. ಬೀಜ ಮಾತ್ರ ಇದ್ದರೆ ಅಂಚನ್ನು ನೋಡಬೇಕು. ಮೊಸ್ಕಾಟದ ಬೀಜಕ್ಕೆ ಮಾಸಿದ ಬಿಳಿ ಮೈ, ಅದಕ್ಕಿಂತ ಗಾಢ ಬಣ್ಣದ ಸ್ವಲ್ಪ ಒರಟಾದ ಅಂಚು. ಮ್ಯಾಕ್ಸಿಮಾದ ಬೀಜ ಉಬ್ಬಿಕೊಂಡು ದಪ್ಪಗಿರುತ್ತದೆ.

ಸಂಶೋಧನಾ ಸಂಸ್ಥೆಗಳ ತಳಿ ಹಾಕಬಹುದೇ?

ಅಡುಗೆಗೆ, ಮಾರಾಟಕ್ಕೆ ಧಾರಾಳವಾಗಿ ಹಾಕಿ. ದೊಡ್ಡ ಕಾಯಿಗೆ ಬೇಡ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ಸುಮಾರು ಒಂದು ಕಿಲೋದ ಕಾಯಿ, ಅರ್ಕಾ ಚಂದನ್ ಎರಡು ಮೂರು ಕಿಲೋದ್ದು. ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಬಿಲಿ ನಮ್ಮ ಹವೆಗೆ ಹತ್ತಿರದ ಹವೆಯಲ್ಲಿ ಆರಿಸಿದ ತಳಿಯಾದ್ದರಿಂದ ಇಲ್ಲಿಗೂ ಒಗ್ಗುತ್ತದೆ, ಕಾಯಿಯೂ ಇವೆರಡಕ್ಕಿಂತ ದೊಡ್ಡದು. ಆದರೆ ಸಂಸ್ಥೆಗಳ ಗುರಿಯೇ ಬೇರೆ. ಸಣ್ಣ ಕುಟುಂಬಕ್ಕೆ ಒಂದೆರಡು ದಿನಕ್ಕೆ ಮುಗಿಯುವ ಕಾಯಿ, ಒಂದೇ ಬಳ್ಳಿಯಲ್ಲಿ ಹೆಚ್ಚು ಕಾಯಿ, ರೋಗಕ್ಕೆ ಬಗ್ಗದ ಗುಣ ಇವು ಅವರಿಗೆ ಬೇಕು. ದೊಡ್ಡ ಕಾಯಿ ಬೇಕೆನ್ನುವವರು ಒಂದು ಬಳ್ಳಿಯ ಇಡೀ ಶಕ್ತಿಯನ್ನು ಒಂದೇ ಕಾಯಿಗೆ ಸುರಿಯಬಲ್ಲ ತಳಿಯನ್ನು ಹುಡುಕುತ್ತಾರೆ.

ಹೈಬ್ರಿಡ್ ಬೀಜ?

ಮೊದಲ ವರ್ಷ ಬೆಳೆ ಏಕರೂಪವಾಗಿ ಚೆನ್ನಾಗಿ ಬರುತ್ತದೆ. ಆದರೆ ಅದರ ಕಾಯಿಯಿಂದ ತೆಗೆದ ಬೀಜ ಮರುವರ್ಷ ಒಂದೊಂದು ಒಂದೊಂದು ತರಹ ಬೆಳೆಯುತ್ತದೆ. ಬೀಜ ಉಳಿಸಿಕೊಂಡು ವಂಶ ಕಟ್ಟುವ ಉದ್ದೇಶ ಇದ್ದರೆ ಹೈಬ್ರಿಡ್‌ನಿಂದ ಆರಂಭಿಸಬೇಡಿ.

ಹೊರೆಕಾಣಿಕೆಯಲ್ಲಿ ಬಂದ ಅತಿ ದೊಡ್ಡ ಕಾಯಿಯ ಬೀಜ ಕೇಳಿ ತಂದರೆ ಅಂಥದೇ ಬರುತ್ತದೆಯೇ?

ಎಲ್ಲರೂ ಮಾಡುವ ಕೆಲಸ ಇದು. ದೊಡ್ಡ ಸಂತರ್ಪಣೆಯ ಹಿಂದಿನ ದಿನ ಪಾಕಶಾಲೆಯಲ್ಲಿ ಕುಂಬಳ ಹೆಚ್ಚುವವರ ಪಕ್ಕದಲ್ಲಿ ತಿರುಳಿನ ಸಮೇತ ಬೀಜದ ರಾಶಿ ಬಿದ್ದಿರುತ್ತದೆ. ಕೇಳಿದರೆ ಸಂತೋಷದಿಂದಲೇ ಕೊಡುತ್ತಾರೆ. ತನ್ನಿ, ತಪ್ಪಿಲ್ಲ. ಆದರೆ ಆ ಬೀಜದ ಬಗ್ಗೆ ನಿಮಗೆ ತಿಳಿದಿರುವುದು ಒಂದೇ ಸಂಗತಿ, ಕಾಯಿ ದೊಡ್ಡದಿತ್ತು ಎಂದು. ಅದು ಏಕೆ ದೊಡ್ಡದಾಯಿತು?

ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯ ಅಂಚಿನಲ್ಲಿ ತಾನಾಗಿ ಹುಟ್ಟಿದ ಬಳ್ಳಿಯಾಗಿದ್ದಿರಬಹುದು. ಅಲ್ಲಿ ಸಾಧಾರಣ ಬೀಜವೂ ಭಾರಿ ಕಾಯಿ ಕೊಡುತ್ತದೆ. ಆ ಗಾತ್ರ ಗೊಬ್ಬರದ್ದು, ಬೀಜಕ್ಕೆ ಇಳಿಯುವುದಿಲ್ಲ. ಇನ್ನೊಬ್ಬರ ಮಜಲು (ನಡುಮಟ್ಟದ) ಗದ್ದೆಯಲ್ಲಿ ಎಲ್ಲ ಬಳ್ಳಿಗಳಿಗೂ ಒಂದೇ ಗೊಬ್ಬರ, ಒಂದೇ ನೀರು ಸಿಕ್ಕಿ, ಉಳಿದವು ಆರು ಕಿಲೋದಲ್ಲಿ ನಿಂತಾಗ ಒಂದು ಬಳ್ಳಿ ಮಾತ್ರ ಹನ್ನೆರಡು ಕಿಲೋದ ಕಾಯಿ ಕೊಟ್ಟಿದ್ದರೆ, ನನಗೆ ಬೇಕಾದ ಬೀಜ ಅದು. ಗೊಬ್ಬರದ ಗುಂಡಿಯ ಇಪ್ಪತ್ತು ಕಿಲೋದ ಕಾಯಿಗಿಂತ ಅದನ್ನೇ ನಾನು ಹೆಚ್ಚು ನಂಬುತ್ತೇನೆ. ಹಾಗಾಗಿ ಬೀಜ ಕೇಳುವಾಗ ಕಾಯಿ ಎಷ್ಟು ತೂಗಿತು ಎಂಬುದರ ಜೊತೆಗೆ ಅಕ್ಕಪಕ್ಕದ ಬಳ್ಳಿಗಳ ಕಾಯಿ ಎಷ್ಟಿತ್ತು, ಒಂದು ಬಳ್ಳಿಗೆ ಎಷ್ಟು ಕಾಯಿ ಬಿಟ್ಟಿದ್ದರು, ಎಲ್ಲಿ ಬೆಳೆದರು ಎಂದೂ ಕೇಳಿ. ಬೆಳೆದವರ ಮನೆ ಹತ್ತಿರವಿದ್ದರೆ ಒಮ್ಮೆ ಹೋಗಿ ಜಾಗವನ್ನೇ ನೋಡಿ ಬನ್ನಿ.

ಇನ್ನೊಂದು ಸಂಗತಿಯನ್ನು ಜಾಗತಿಕ ಸ್ಪರ್ಧೆಯವರಿಂದ ಕಲಿಯಬಹುದು. ಅವರು ಬೀಜವನ್ನು ಅದರ ತಾಯಿಕಾಯಿಯ ತೂಕಕ್ಕಿಂತ ಆ ಬೀಜದ ಮಕ್ಕಳು ಎಷ್ಟು ತೂಗಿದವು ಎಂಬುದರಿಂದ ಅಳೆಯುತ್ತಾರೆ. ಅಮೆರಿಕದ ಬೆಳೆಗಾರ ಮ್ಯಾಕ್‌ಮುಲ್ಲೆನ್ ಅವರ 2015ರ 2,145 ಪೌಂಡಿನ, ಅಂದರೆ ಸುಮಾರು 973 ಕಿಲೋದ ಕಾಯಿ ಆ ಕಾಲದ ವಿಶ್ವದಾಖಲೆಯೇನೂ ಆಗಿರಲಿಲ್ಲ. 2014ರಲ್ಲೇ ಸ್ವಿಟ್ಜರ್ಲೆಂಡಿನ ಬೆನಿ ಮೈಯರ್ 1,054 ಕಿಲೋ ಬೆಳೆದಾಗಿತ್ತು. ಆದರೂ ಮುಂದಿನ ವರ್ಷಗಳಲ್ಲಿ ಬೆಳೆಗಾರರು ಮ್ಯಾಕ್‌ಮುಲ್ಲೆನ್ ಬೀಜಕ್ಕೆ ಮುಗಿಬಿದ್ದರು, ಅದರ ಮಕ್ಕಳು ಎಲ್ಲಿ ಹಾಕಿದರೂ ಭಾರವಾಗಿ ಬಂದವು ಎಂಬ ಕಾರಣಕ್ಕೆ. ನಿಮ್ಮಿಂದ ಬೀಜ ಪಡೆದವರನ್ನು ಮರುವರ್ಷ ತಪ್ಪದೆ ವಿಚಾರಿಸಿ.

ಅಂಥ ಬೀಜದ ಹೆಸರಿನಲ್ಲಿ ಸಂಖ್ಯೆ, ಹೆಸರು, ವರ್ಷ ಏಕಿರುತ್ತದೆ?

2145 ಮ್ಯಾಕ್‌ಮುಲ್ಲೆನ್ 2015 ಎಂಬಂಥ ಹೆಸರಿನಲ್ಲಿ ಮೊದಲಿನದು ತಾಯಿಕಾಯಿಯ ತೂಕ, ಪೌಂಡುಗಳಲ್ಲಿ. ನಂತರ ಬೆಳೆದವರ ಮನೆತನದ ಹೆಸರು, ಕೊನೆಗೆ ಬೆಳೆದ ವರ್ಷ. ಅದರ ಪಕ್ಕದಲ್ಲಿ ತಾಯಿ ಬಳ್ಳಿ ಯಾವ ಬೀಜದ್ದು, ಪರಾಗ ಕೊಟ್ಟ ಬಳ್ಳಿ ಯಾವ ಬೀಜದ್ದು ಎಂದು ಬರೆಯುತ್ತಾರೆ. ತನ್ನದೇ ಬಳ್ಳಿಯ ಗಂಡು ಹೂವಿನಿಂದ ಫಲ ಕಟ್ಟಿದ್ದರೆ ಅದನ್ನೂ, ಜೇನುನೊಣಗಳಿಗೆ ಬಿಟ್ಟಿದ್ದರೆ ಅದನ್ನೂ ನಮೂದಿಸುತ್ತಾರೆ. ಇಂಥ ವಿವರವುಳ್ಳ ಹೆಸರುವಾಸಿ ಬೀಜಗಳು ಹರಾಜಿನಲ್ಲಿ ಒಂದೊಂದೂ ನೂರಾರು ಡಾಲರಿಗೆ ಹೋಗುವುದುಂಟು. ಈ ವಿವರ ಯಾವುದೂ ಇಲ್ಲದೆ ಬರೀ ಜೈಂಟ್ ಎಂದು ಬರೆದ ಬೀಜಕ್ಕೆ ಆ ಬೆಲೆ ಇಲ್ಲ.

ಆನ್‌ಲೈನ್‌ನಲ್ಲಿ ಹತ್ತು ಬೀಜಕ್ಕೆ ಇಷ್ಟು ರೂಪಾಯಿ ಎಂದು ದೈತ್ಯ ಕುಂಬಳದ ಬೀಜ ಮಾರುತ್ತಾರೆ. ಕೊಳ್ಳಬಹುದೇ?

ಪೊಟ್ಟಣದ ಲೇಬಲ್ ಓದದೆ ಕೊಳ್ಳಬೇಡಿ. ನಮ್ಮಲ್ಲಿ 1966ರ ಬೀಜ ಕಾಯ್ದೆ ಇದೆ. ಅಂಗಡಿಯಲ್ಲಿ ಮಾರುವ ಬೀಜದ ಲೇಬಲಿನಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆ ಮಾಡಿದ ದಿನಾಂಕ, ಮೊಳಕೆಯ ಪ್ರಮಾಣ, ಶುದ್ಧತೆ, ಮಾರುವವರ ವಿಳಾಸ ಇರುತ್ತವೆ. ಕುಂಬಳಕ್ಕೆ ಮೊಳಕೆಯ ಕನಿಷ್ಠ ಮಟ್ಟ ಶೇ. 60. ಇವು ಯಾವುವೂ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣದ ಚಿತ್ರದ ಜೊತೆ ಬರುವ ಬೀಜ ಎಲ್ಲಿಂದ ಬಂತೆಂದು ಹೇಳುವವರಿಲ್ಲ. ಅಂಥ ಪೊಟ್ಟಣ ಬಿಚ್ಚಿದಾಗ ಒಳಗೆ ಗಾಢ ಅಂಚಿನ ತೆಳು ಮೊಸ್ಕಾಟ ಬೀಜ ಸಿಕ್ಕಿದ್ದನ್ನು ನೋಡಿದ್ದೇನೆ, ಹೊರಗಿನ ಚಿತ್ರ ಮಾತ್ರ ಅಟ್ಲಾಂಟಿಕ್ ಜೈಂಟಿನದು. ಕಷ್ಟಪಟ್ಟು ಬೆಳೆಯುವ ರೈತರಿಗೆ ಹೀಗೆ ಮಾಡುವುದು ನನಗೆ ಸಹಿಸಲಾಗದ ಮೋಸ. ಮೇಲೆ ಹೇಳಿದ ಬೀಜದ ಗುರುತು ನೆನಪಿದ್ದರೆ ಬಿತ್ತುವ ಮೊದಲೇ ನಿಮಗೆ ತಿಳಿಯುತ್ತದೆ.

ಅಮೆರಿಕದಲ್ಲಿರುವ ನೆಂಟರು ಬರುವಾಗ ನಾಲ್ಕು ಬೀಜ ತರಬಹುದಲ್ಲವೇ?

ಹಾಗೆ ತರುವಂತಿಲ್ಲ. ಬಿತ್ತನೆ ಬೀಜ ದೇಶದೊಳಗೆ ಬರಬೇಕಾದರೆ 2003ರ ಸಸ್ಯ ಸಂಪರ್ಕ ನಿಷೇಧ (ಕ್ವಾರಂಟೈನ್) ಆದೇಶದಂತೆ ಆಮದು ಪರವಾನಗಿ ಬೇಕು, ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದು ಕಾಗದದ ಕಿರಿಕಿರಿ ಎಂದು ಭಾವಿಸಬೇಡಿ. ಕುಂಬಳ ಜಾತಿಯ ಕೆಲವು ನಂಜುರೋಗಗಳು ಬೀಜದ ಮೂಲಕವೇ ಹರಡುತ್ತವೆ. ನಾಲ್ಕು ಬೀಜದ ಜೊತೆ ಹೊಸ ರೋಗವೊಂದು ಬಂದರೆ ನಿಮ್ಮ ಬಳ್ಳಿಯಲ್ಲೇ ನಿಲ್ಲದೆ ನೆರೆಮನೆಯ ಸೌತೆ, ಹೀರೆಯವರೆಗೂ ಹೋಗಬಹುದು.

ಬೀಜವನ್ನು ಕೈಯಲ್ಲಿ ಹಿಡಿದು ನೋಡಿ ಒಳ್ಳೆಯದು ಎಂದು ಹೇಳಲು ಸಾಧ್ಯವೇ?

ಬೀಜ ಜೀವಂತವಾಗಿದೆಯೇ, ಚೆನ್ನಾಗಿ ಬಲಿತಿದೆಯೇ ಎಂದು ಹೇಳಬಹುದು. ಕಾಯಿ ದೊಡ್ಡದಾಗುತ್ತದೆಯೇ ಎಂದು ಹೇಳಲಾಗದು.

ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿ. ತುಂಬಿದ ಬೀಜ ನಡುವಿನಲ್ಲಿ ಉಬ್ಬಿ ಗಟ್ಟಿಯಾಗಿರುತ್ತದೆ. ಜೊಳ್ಳು ಬೀಜ ಒಳಕ್ಕೆ ಕುಸಿಯುತ್ತದೆ. ಚೂಪಾದ ತುದಿಯ ಕಡೆ ನೋಡಿ, ಬೇರು ಹೊರಡುವುದು ಅಲ್ಲಿಂದ. ಅಲ್ಲಿ ಬಿರುಕು, ಕಪ್ಪು ಕಲೆ ಇದ್ದರೆ ಬದಿಗಿಡಿ. ಬಿಸಿಲಿಗೆ ಹಿಡಿದಾಗ ಮೈಮೇಲೆ ಬೂಷ್ಟಿನ ಚುಕ್ಕೆ ಕಂಡರೆ ಅದೂ ಬೇಡ. ಮೊಸ್ಕಾಟ ಬೀಜದ ಮೇಲಿನ ತೆಳು ಪೊರೆ ಏಳುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ.

ಒಂದೇ ಕಾಯಿಯ ಬೀಜಗಳಲ್ಲಿ ದೊಡ್ಡದನ್ನೇ ಆರಿಸಬೇಕೇ? ದೊಡ್ಡ ಬೀಜದ ಸಸಿ ಮೊದಲ ಎರಡು ವಾರ ಜೋರಾಗಿ ಬೆಳೆಯುತ್ತದೆ, ಅಷ್ಟೇ. ಆ ಮುನ್ನಡೆ ಬೇಕೆಂದು ದೊಡ್ಡದನ್ನು ಬಿತ್ತುವುದು ಸರಿ, ಸಣ್ಣದನ್ನು ಎಸೆಯುವುದು ಸರಿಯಲ್ಲ. ನೀರಿನಲ್ಲಿ ಮುಳುಗಿದ್ದು ಒಳ್ಳೆಯದು, ತೇಲಿದ್ದು ಕೆಟ್ಟದ್ದು ಎಂಬ ಪರೀಕ್ಷೆಯನ್ನು ಕುಂಬಳಕ್ಕೆ ನಂಬಬೇಡಿ. ಸಿಪ್ಪೆಯೊಳಗೆ ಗಾಳಿ ಇರುವುದರಿಂದ ಚೆನ್ನಾಗಿ ತುಂಬಿದ ಬೀಜವೂ ತೇಲುತ್ತದೆ.

ಮೊಳಕೆ ಪರೀಕ್ಷೆ ಹೇಗೆ?

ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಪಾತ್ರೆಯಲ್ಲಿಡಿ. ಕುಂಬಳಕ್ಕೆ 30 ಡಿಗ್ರಿಯ ಆಸುಪಾಸಿನ ಬಿಸಿ ಇಷ್ಟ, ನಮ್ಮ ಮನೆಗಳಲ್ಲಿ ಅದಕ್ಕೆ ಬೇರೆ ಏರ್ಪಾಡು ಬೇಕಿಲ್ಲ. ಒಂದು ವಾರದಲ್ಲಿ ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ. ಅಪರೂಪದ ಬೀಜ ನಾಲ್ಕೈದೇ ಇದ್ದರೆ ಪರೀಕ್ಷೆ ಬೇಡ. ಅಂಚನ್ನು ಉಪ್ಪುಕಾಗದದಿಂದ ಮೆಲ್ಲಗೆ ತಿಕ್ಕಿ, ಚೂಪು ತುದಿಯನ್ನು ಮಾತ್ರ ಮುಟ್ಟದೆ, ಕೆಲವು ಗಂಟೆ ನೆನೆಸಿ ನೇರವಾಗಿ ಬಿತ್ತಿ.

ಬೀಜ ಎಷ್ಟು ವರ್ಷ ಉಳಿಯುತ್ತದೆ? ನಮ್ಮಲ್ಲಿ ಮಳೆಗಾಲಕ್ಕೇ ಬೂಷ್ಟು ಹಿಡಿಯುತ್ತದೆ.

ಒಣಗಿಸಿ ತಂಪಿನಲ್ಲಿಟ್ಟರೆ ಐದಾರು ವರ್ಷಕ್ಕೆ ಮೋಸವಿಲ್ಲ. ನಮ್ಮ ಶತ್ರು ಗಾಳಿಯಲ್ಲಿರುವ ತೇವ. ಹಿರಿಯರು ಇದಕ್ಕೆ ಒಳ್ಳೆಯ ಉಪಾಯ ಕಂಡುಕೊಂಡಿದ್ದರು: ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸೆಗಣಿಯಲ್ಲಿ ಅದ್ದಿ, ಅಡುಗೆಮನೆಯ ಗೋಡೆಗೆ ತಟ್ಟಿ ಅಂಟಿಸುತ್ತಿದ್ದರು. ಒಲೆಯ ಬಿಸಿ, ಹೊಗೆ ತಾಗಿ ಆ ಬಿಲ್ಲೆಗಳು ಮಳೆಗಾಲವಿಡೀ ಒಣಗಿಯೇ ಇರುತ್ತಿದ್ದವು, ಹುಳವೂ ಬರುತ್ತಿರಲಿಲ್ಲ. ಬೀಜದ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ತೂಗುಹಾಕುವ ಕ್ರಮವೂ ಅಂಥದೇ.

ಈಗ ಸೌದೆ ಒಲೆ ಇಲ್ಲದ ಮನೆಗಳಲ್ಲಿ ಬೇರೆ ದಾರಿ ಹಿಡಿಯಬೇಕು. ಕೊಯ್ದ ಕಾಯಿಯನ್ನು ಒಂದು ತಿಂಗಳು ಹಾಗೆಯೇ ಇಟ್ಟು ಆಮೇಲೆ ಒಡೆಯಿರಿ, ಬೀಜ ಒಳಗೇ ಇನ್ನಷ್ಟು ಬಲಿಯುತ್ತದೆ. ತಿರುಳು ತೊಳೆದು ನೆರಳಿನಲ್ಲಿ, ಗಾಳಿಯಾಡುವಲ್ಲಿ ಗೆರಸೆಯ ಮೇಲೆ ಹರಡಿ. ಕಾದ ಸಿಮೆಂಟಿನ ಅಂಗಳದಲ್ಲಿ ಒಣಗಿಸಬೇಡಿ, ಭ್ರೂಣ ಬೇಯುತ್ತದೆ. ಬಗ್ಗಿಸಿದಾಗ ಬಾಗದೆ ಟಪ್ಪನೆ ಮುರಿದರೆ ಒಣಗಿದೆ ಎಂದರ್ಥ. ಗಾಜಿನ ಬಾಟಲಿಯ ತಳಕ್ಕೆ ಚೆನ್ನಾಗಿ ಹುರಿದು ಆರಿಸಿದ ಅಕ್ಕಿ, ಅದರ ಮೇಲೆ ಕಾಗದದಲ್ಲಿ ಸುತ್ತಿದ ಬೀಜ, ಬಿಗಿಯಾದ ಮುಚ್ಚಳ, ನಂತರ ಫ್ರಿಜ್. ಬೀಜದ ತೇವ ಶೇ. 1ರಷ್ಟು ಇಳಿದರೆ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ, ಉಷ್ಣಾಂಶ ಐದು ಡಿಗ್ರಿ ಇಳಿದರೂ ಹಾಗೆಯೇ ಎಂಬುದು ಬೀಜವಿಜ್ಞಾನದ ಹಳೆಯ ಲೆಕ್ಕ. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬೇಡಿ, ಒಳಗೆ ನೀರು ಕಟ್ಟುತ್ತದೆ.

ಪಕ್ಕದಲ್ಲೇ ಬೂದುಗುಂಬಳ, ಮಂಗಳೂರು ಸೌತೆ ಇದೆ. ಬೀಜ ಕೆಡುತ್ತದೆಯೇ?

ಇಲ್ಲ. ಬೂದುಗುಂಬಳ, ಸೌತೆ, ಹೀರೆ, ಸೋರೆ ಯಾವುದರ ಪರಾಗದಿಂದಲೂ ಸಿಹಿಗುಂಬಳ ಫಲ ಕಟ್ಟುವುದಿಲ್ಲ. ಮ್ಯಾಕ್ಸಿಮಾ, ಮೊಸ್ಕಾಟಗಳ ನಡುವೆಯೂ ಸಂಕರ ಸುಲಭವಲ್ಲ, ಸಂಕರವಾದರೂ ಹುಟ್ಟಿದ್ದು ಹೆಚ್ಚಾಗಿ ಬಂಜೆ. ನಿಜವಾದ ಅಪಾಯ ನೆರೆಮನೆಯ ಸಿಹಿಗುಂಬಳದಿಂದ. ಜೇನುನೊಣ ಅಲ್ಲಿಂದ ಪರಾಗ ತಂದರೆ ಈ ವರ್ಷದ ಕಾಯಿಗೆ ಏನೂ ಆಗದು, ಒಳಗಿನ ಬೀಜ ಮಾತ್ರ ಮಿಶ್ರವಾಗುತ್ತದೆ. ಪ್ರಮಾಣಿತ ಬೀಜ ಬೆಳೆಯುವವರು ಅರ್ಧ ಕಿಲೋಮೀಟರ್ ಅಂತರ ಇಡುತ್ತಾರೆ. ಮನೆಗೆ ಮನೆ ತಾಗಿಕೊಂಡಿರುವ ನಮ್ಮ ಬೈಲುಗಳಲ್ಲಿ ಅದು ಆಗದ ಮಾತು. ಕೈಯಿಂದಲೇ ಪರಾಗ ಮುಟ್ಟಿಸಬೇಕು.

ಕೈಯಿಂದ ಪರಾಗ ಮುಟ್ಟಿಸುವ ಕ್ರಮ ಹೇಳಿ.

ಹಿಂದಿನ ಸಂಜೆಯೇ ಕೆಲಸ ಶುರು. ಮರುದಿನ ಅರಳುವ ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು, ಬರೀ ದೇಟು ಇರುವುದು ಗಂಡು. ಒಂದು ಹೆಣ್ಣು ಮೊಗ್ಗು, ಎರಡು ಮೂರು ಗಂಡು ಮೊಗ್ಗುಗಳ ತುದಿಯನ್ನು ನೂಲಿನಿಂದ ಸಡಿಲವಾಗಿ ಕಟ್ಟಿ, ರಾತ್ರಿ ಕಳೆದು ಜೇನು ಬರುವ ಮೊದಲೇ ಹೂವು ಬಿಚ್ಚಿಕೊಳ್ಳದಂತೆ. ಬೆಳಗ್ಗೆ ಆರರಿಂದ ಎಂಟು ಗಂಟೆಯೊಳಗೆ ಗಂಡು ಹೂವನ್ನು ಕಿತ್ತು ದಳಗಳನ್ನು ಹರಿದು ತೆಗೆಯಿರಿ. ಬೆರಳು ತಾಗಿಸಿದರೆ ಹಳದಿ ಹುಡಿ ಅಂಟಬೇಕು. ಹೆಣ್ಣು ಹೂವಿನ ಕಟ್ಟು ಬಿಚ್ಚಿ, ಒಳಗಿನ ಅಂಟು ಅಂಟಾದ ಗುಬ್ಬಿಗಳ ಎಲ್ಲ ಸುತ್ತಿಗೂ ಆ ಹುಡಿಯನ್ನು ಸವರಿ. ಒಂದು ಬದಿಗೆ ಮಾತ್ರ ಸವರಿದರೆ ಕಾಯಿ ಸೊಟ್ಟಗಾಗುತ್ತದೆ. ಮತ್ತೆ ಕಟ್ಟಿ, ದೇಟಿಗೆ ಬಣ್ಣದ ದಾರ ಸುತ್ತಿ ದಿನಾಂಕ ಬರೆಯಿರಿ. ಹತ್ತು ಗಂಟೆಯ ಮೇಲೆ ಮಾಡಿದರೆ ಫಲ ಕಟ್ಟುವುದು ಕಡಿಮೆ. ಅಷ್ಟು ಹೊತ್ತಿಗೆ ಹೂವು ಬಾಡತೊಡಗುತ್ತದೆ.

ಅದೇ ಬಳ್ಳಿಯ ಗಂಡು ಹೂವೋ, ಬೇರೆ ಬಳ್ಳಿಯದೋ?

ಗುಣ ಗಟ್ಟಿ ಮಾಡಲು ಅದೇ ಬಳ್ಳಿಯದು, ಎರಡು ಒಳ್ಳೆಯ ಗುಣ ಕೂಡಿಸಲು ಬೇರೆಯದು. ಒಳಸಂಬಂಧದಿಂದ ವಂಶ ಸೊರಗುವ ತೊಂದರೆ ಜೋಳದಂಥ ಬೆಳೆಗೆ ಹೋಲಿಸಿದರೆ ಕುಂಬಳದಲ್ಲಿ ಬಹಳ ಕಡಿಮೆ. ನಾನಾದರೆ ಮೊದಲ ಎರಡು ತಲೆಮಾರು ಅದೇ ಬಳ್ಳಿಯ ಪರಾಗ ಬಳಸಿ, ಗುಣ ನಿಂತ ಮೇಲೆ ಇನ್ನೊಂದು ವಂಶದೊಂದಿಗೆ ಕೂಡಿಸುತ್ತೇನೆ. ಮಿಶ್ರ ಬೀಜವನ್ನೇ ಮತ್ತೆ ಮತ್ತೆ ಬೆರೆಸಿದರೆ ಯಾವುದರಿಂದ ಏನು ಬಂತೆಂದು ಎಂದಿಗೂ ತಿಳಿಯುವುದಿಲ್ಲ.

ಬೀಜಗಳನ್ನು ಹೋಲಿಸಿ ನೋಡಲು ಎಷ್ಟು ಬಳ್ಳಿ ಬೇಕು?

ಜಾಗ ಇದ್ದಷ್ಟು. ಒಂದು ಬೀಜದ್ದು ಮೂರಾದರೂ ಇರಲಿ. ಮುಖ್ಯವಾದದ್ದು ಸಮಾನತೆ: ಒಂದೇ ಅಳತೆಯ ಗುಂಡಿ, ಒಂದೇ ಪ್ರಮಾಣದ ಹಟ್ಟಿಗೊಬ್ಬರ, ಸುಡುಮಣ್ಣು, ಬೂದಿ, ಮತ್ತು ಬಳ್ಳಿಗೊಂದೇ ಕಾಯಿ. ಒಂದರಲ್ಲಿ ಮೂರು ಕಾಯಿ ಬಿಟ್ಟು ಇನ್ನೊಂದರಲ್ಲಿ ಒಂದೇ ಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ. ತೂಕವನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಗೋಣಿಚೀಲದಲ್ಲಿಟ್ಟು ತೂಗುಕೊಕ್ಕೆಗೆ ಹಾಕಿ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಕುಂಬಳಕ್ಕೆ ಅಷ್ಟು ಹುಳಿ ಒಗ್ಗದು. ಬಿತ್ತುವುದಕ್ಕೆ ಮೊದಲು ಎಲ್ಲ ಗುಂಡಿಗೂ ಸಮನಾಗಿ ಸುಣ್ಣ ಬೆರೆಸುವುದನ್ನು ಮರೆಯಬೇಡಿ.

ಯಾವಾಗ ಬಿತ್ತಬೇಕು?

ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರ. ಹೂವು ಡಿಸೆಂಬರ್‌ನ ತಂಪಿನಲ್ಲಿ ಬರುತ್ತದೆ, ಆಗ ಹೆಣ್ಣು ಹೂವುಗಳು ಹೆಚ್ಚು. ಕಾಯಿ ಸೆಕೆ ಏರುವ ಮೊದಲೇ ತುಂಬುತ್ತದೆ. ಪರ್ಯಾಯ ಜನವರಿ 18ಕ್ಕೆ, ಕದ್ರಿಯ ಪ್ರದರ್ಶನ ಗಣರಾಜ್ಯೋತ್ಸವದ ಆಸುಪಾಸಿಗೆ. ಅವಕ್ಕೆ ಕಾಯಿ ಒದಗಬೇಕಾದರೆ ನೀರು ನಿಲ್ಲದ ಎತ್ತರದ ಬೆಟ್ಟು ಜಾಗದಲ್ಲಿ ಸೆಪ್ಟೆಂಬರ್ ಕೊನೆಗೇ ಬಿತ್ತಿ ಮಳೆಯಿಂದ ಸಸಿಯನ್ನು ಕಾಪಾಡಿಕೊಳ್ಳಬೇಕಾಗುತ್ತದೆ. ಬೀಜಕ್ಕಾಗಿ ಬಿಡುವ ಕಾಯಿಗೆ ಅವಸರ ಬೇಡ.

ಹಣ್ಣುನೊಣ, ಬೂದಿರೋಗಕ್ಕೆ ಬಗ್ಗದ ಬೀಜ ಇದೆಯೇ?

ಅರ್ಕಾ ಸೂರ್ಯಮುಖಿಗೆ ಹಣ್ಣುನೊಣ ತಡೆಯುವ ಗುಣವಿದೆ, ಆದರೆ ಅದು ಸಣ್ಣ ಕಾಯಿಯ ತಳಿ. ದೊಡ್ಡ ಕಾಯಿಗೆ ಮಿಡಿ ಹಂತದಲ್ಲೇ ಬಟ್ಟೆ ಅಥವಾ ಕಾಗದದ ಚೀಲ ಹೊದಿಸಿ, ಹಣ್ಣುನೊಣಗಳನ್ನು ಸೆಳೆದು ಹಿಡಿಯುವ ಕ್ಯೂಲೂರ್ ಬಲೆ ತೂಗುಹಾಕುವುದೇ ದಾರಿ. ಬೀಜ ಆರಿಸುವಾಗ ಮಾತ್ರ ಒಂದು ನಿಯಮವನ್ನು ಮುರಿಯಬೇಡಿ: ಎಲೆ ಮುರುಟಿ ಮಚ್ಚೆ ಬಿದ್ದ ಬಳ್ಳಿಯಿಂದ, ಕಾಂಡದಲ್ಲಿ ಅಂಟು ಸೋರುವ ಬಳ್ಳಿಯಿಂದ, ಕಾಯಿ ಎಷ್ಟೇ ದೊಡ್ಡದಿರಲಿ, ಬೀಜ ಇಡಬೇಡಿ. ಎಲ್ಲ ಬಳ್ಳಿಗೂ ಬೂದಿರೋಗ ಬಂದು ಒಂದು ಮಾತ್ರ ಹಸಿರಾಗಿ ಉಳಿದಿದ್ದರೆ ಅದರ ಬೀಜವನ್ನು ತಪ್ಪದೆ ಇಡಿ, ಕಾಯಿ ಸ್ವಲ್ಪ ಸಣ್ಣದಾದರೂ ಸರಿ. ಎಲೆ ಹೆಚ್ಚು ದಿನ ಹಸಿರಾಗಿದ್ದಷ್ಟೂ ಕಾಯಿ ಬೆಳೆಯಲು ಹೆಚ್ಚು ದಿನ ಸಿಗುತ್ತದೆ.

ದೊಡ್ಡ ಕಾಯಿ ತಿನ್ನಲು ರುಚಿಯೇ?

ಅಟ್ಲಾಂಟಿಕ್ ಜೈಂಟ್ ಸಪ್ಪೆ, ನೀರು ನೀರು. ನಮ್ಮ ನಾಟಿ ಕುಂಬಳ ಹಾಗಲ್ಲ, ದೊಡ್ಡದಾದರೂ ಸಾಂಬಾರಿಗೆ, ಪಲ್ಯಕ್ಕೆ ಚೆನ್ನ. ಆದ್ದರಿಂದ ಬೀಜ ಇಡುವ ಕಾಯಿಯ ಒಂದು ಹೋಳನ್ನು ಬೇಯಿಸಿ ತಿಂದು ನೋಡಿ. ಕಹಿ ಇದ್ದರೆ ಕಾಯಿಯನ್ನೂ ತಿನ್ನಬೇಡಿ, ಬೀಜವನ್ನೂ ಇಡಬೇಡಿ.

ನನ್ನ ಬೀಜವನ್ನು ಇತರರಿಗೆ ಕೊಡಲು, ಮಾರಲು ಅಡ್ಡಿಯಿದೆಯೇ?

ಇಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಮ್ಮ ಹೊಲದ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ನನ್ನ ಸಲಹೆ, ಹಂಚಿರಿ. ಒಂದೇ ಮನೆಯಲ್ಲಿರುವ ಬೀಜ ಒಂದು ಕೆಟ್ಟ ಮಳೆಗಾಲಕ್ಕೆ ಹೋಗಿಬಿಡಬಹುದು. ಮಟ್ಟುವಿನ ಗುಳ್ಳ ಬದನೆ ಇಂದಿಗೂ ಉಳಿದಿರುವುದು ಊರಿನ ಹತ್ತಾರು ಮನೆಗಳು ಬೀಜ ಕಾಯ್ದುಕೊಂಡು ಬಂದಿದ್ದರಿಂದ.

ಸಂದೇಹ ಬಂದರೆ ಯಾರನ್ನು ಕೇಳಬೇಕು?

ಉಡುಪಿಯವರಿಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಹತ್ತಿರ, ಮಂಗಳೂರಿನವರಿಗೆ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರ. ರೋಗದ ಎಲೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ, ಮೊಬೈಲ್ ಚಿತ್ರದಲ್ಲಿ ಎಲ್ಲವೂ ಕಾಣುವುದಿಲ್ಲ.

ಬೀಜದ ಬಾಟಲಿಯ ಮೇಲೆ ಏನೇನು ಬರೆಯಬೇಕು?

ಬೆಳೆದ ವರ್ಷ, ಕಾಯಿಯ ತೂಕ, ತಾಯಿ ಬಳ್ಳಿಯ ಬೀಜ ಎಲ್ಲಿಂದ ಬಂತು, ಪರಾಗ ಯಾವ ಬಳ್ಳಿಯದು, ಕೈಯಿಂದಲೋ ಜೇನಿನಿಂದಲೋ, ಅದೇ ವರ್ಷ ಪಕ್ಕದ ಬಳ್ಳಿಗಳ ಕಾಯಿ ಎಷ್ಟು ತೂಗಿದವು. ಇಷ್ಟನ್ನು ಸೀಸದ ಕಡ್ಡಿಯಲ್ಲಿ ಚೀಟಿಯ ಮೇಲೆ ಬರೆದು ಬಾಟಲಿಯ ಒಳಗೇ ಹಾಕಿ. ಹೊರಗೆ ಅಂಟಿಸಿದ ಚೀಟಿ ಮಳೆಗಾಲದ ತೇವಕ್ಕೆ ಉದುರುತ್ತದೆ, ಶಾಯಿ ಹರಡಿ ಅಕ್ಷರ ಅಳಿಸುತ್ತದೆ.